ಹಳೆಯ ಸೀರೆಯಿಲ್ಲದ ಮನೆ

ನಿಮ್ಮ ಮನೆಯಲ್ಲಿ ಒಂದು ಹಳೆಯ ಸೀರೆ ಇದ್ದೇ ಇರುತ್ತದೆ. ಎಲ್ಲಿದೆ ಎಂದು ಕೇಳಿದರೆ ತಟ್ಟನೆ ಹೇಳಲು ಬಾರದಿರಬಹುದು. ಬೀರುವಿನ ತಳದಲ್ಲೋ, ಟ್ರಂಕಿನ ಮೂಲೆಯಲ್ಲೋ, ಕೌದಿಯ ಒಳಪದರದಲ್ಲೋ, ಕಡೆಗೆ ಒಲೆಯ ಪಕ್ಕದಲ್ಲಿ ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆಯ ಅವತಾರದಲ್ಲಾದರೂ ಅದು ನಿಮ್ಮೊಂದಿಗೆ ಸಂಸಾರ ಮಾಡುತ್ತಿರುತ್ತದೆ. ಇರುವ ವಸ್ತುವಿನ ಬಗ್ಗೆ ಯಾರೂ ಯೋಚಿಸುವುದಿಲ್ಲ. ನಾನೂ ಯೋಚಿಸಿರಲಿಲ್ಲ, ನಮ್ಮ ಬಾಡಿಗೆ ಮನೆಯ ಒಡತಿ ರಂಗಮ್ಮನವರು ಒಂದು ಬೆಳಿಗ್ಗೆ ನೀರು ಹಿಡಿಯುತ್ತಿದ್ದ ನಲ್ಲಿಯನ್ನು ನಿಲ್ಲಿಸಿ, ನನ್ನ ಹೊಟ್ಟೆಯನ್ನು ಕಣ್ಣಲ್ಲೇ ಅಳೆದು, ಆ ಪ್ರಶ್ನೆ ಕೇಳುವವರೆಗೆ.

“ಎಂಟರಾಗೆ ಬಿತ್ತಲ್ಲವ್ವ, ಹಳೇ ಸೀರೆ ಹೊಂದಿಸಿ ಇಟ್ಕಂಡಿಯಾ?”

ಗೊತ್ತಿದ್ದ ವಿಷಯವೇ. ಹುಟ್ಟಿದ ಕೂಸಿಗೆ ಪುರುಡು ಕಳೆಯುವವರೆಗೆ ಹೊಸ ಬಟ್ಟೆ ಮುಟ್ಟಿಸಬಾರದು; ತಾಯಿಯ ತಾಯಿ ಉಟ್ಟು, ಒಗೆದು, ಮತ್ತೆ ಉಟ್ಟು ಮೆತ್ತಗಾದ ಹತ್ತಿ ಸೀರೆಯನ್ನು ಹರಿದು ಅದರಲ್ಲೇ ಸುತ್ತಬೇಕು. ನಮ್ಮ ಕಡೆ ಇದನ್ನು ಶಾಸ್ತ್ರವೆಂದು ಯಾರೂ ಹೇಳುವುದಿಲ್ಲ, ಹಸಿದವರಿಗೆ ಅನ್ನ ಹಾಕಬೇಕು ಎಂದು ಹೇಳಿಕೊಡದ ಹಾಗೆ. ರಂಗಮ್ಮನವರೂ ಸುಮ್ಮನೆ ಕೇಳಿದ್ದರು, ಉತ್ತರಕ್ಕೂ ಕಾಯದೆ ಮತ್ತೆ ನಲ್ಲಿ ತಿರುಗಿಸಿದ್ದರು. ನಾನು ಮಾತ್ರ ಒಳಗೆ ಬಂದು ಬೀರು ತೆಗೆದು ನಿಂತೆ. ಆ ಹೊತ್ತಿಗೆ ನನಗೆ ತಿಳಿದದ್ದು, ನಮ್ಮ ಮನೆಯಲ್ಲಿ ಹಳೆಯದು ಎನ್ನುವುದು ಒಂದೂ ಇಲ್ಲ ಎಂಬ ಸಂಗತಿ.

ಇದ್ದೀತಾದರೂ ಹೇಗೆ? ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಹಿಂದಿನ ಬೀದಿಯ ಈ ಮನೆಗೆ ನಾನು ಮತ್ತು ತಿಪ್ಪೇಶ ಬಂದದ್ದು ಮದುವೆಯ ಮಾರನೆಯ ದಿನ, ಇಬ್ಬರಿಗೂ ಒಂದೊಂದು ಚೀಲ. ನನ್ನದು ಮೊಳಕಾಲ್ಮುರಿನ ಮಗ್ಗದ ಮನೆ, ಅವನದು ದೇವಸಮುದ್ರದ ಕಡೆಯ ಕುರಿ ಕಾಯುವವರ ಹಟ್ಟಿ. ರಿಜಿಸ್ಟ್ರಾರ್ ಕಚೇರಿಯ ಮುಂದೆ ಹಾರ ಬದಲಾಯಿಸಿಕೊಂಡ ಮೇಲೆ ಎರಡೂ ಕಡೆ ಬಾಗಿಲು ಮುಚ್ಚಿತು. ಆಮೇಲೆ ನಾವು ಕೊಂಡದ್ದೆಲ್ಲ ಹೊಸದೇ. ಹೊಸ ಚಾಪೆ, ಹೊಸ ಕುಕ್ಕರು, ಸ್ಟಿಕರು ಕೀಳದ ಬಕೆಟ್ಟು. ಹೊಸ ಸಂಸಾರವೆಂದರೆ ಎಂಥ ಸಂಭ್ರಮ ಎಂದು ನೋಡಿದವರು ಅಂದುಕೊಳ್ಳುತ್ತಾರೆ. ಎಲ್ಲವೂ ಹೊಸದಾಗಿರುವ ಮನೆಯಲ್ಲಿ ಕೂತು ನೋಡಿ, ನೀವು ಎಲ್ಲಿಂದಲೋ ಓಡಿ ಬಂದವರು ಎಂಬುದನ್ನು ಒಂದೊಂದು ಪಾತ್ರೆಯೂ ಥಳಥಳ ಹೊಳೆದು ನೆನಪಿಸುತ್ತದೆ.

ತಿಪ್ಪೇಶ ಸರ್ಕಾರಿ ಬಸ್ಸಿನ ಕಂಡಕ್ಟರು, ಚಳ್ಳಕೆರೆ–ಮೊಳಕಾಲ್ಮುರು ದಾರಿ ಅವನದು. ವಿಧಿಗೆ ಹಾಸ್ಯಪ್ರಜ್ಞೆ ಇದೆ ನೋಡಿ: ನಾನು ಕಾಲಿಡಲಾಗದ ಊರಿಗೆ ದಿನಾ ಹೋಗಿ ಬರುವುದೇ ನನ್ನ ಗಂಡನಿಗೆ ಸಂಬಳ. ಕೂಸು ಬರುತ್ತದೆಂದು ತಿಳಿದಾಗಿನಿಂದ ಅವನ ಚೀಲ ಖಾಲಿ ಬಂದದ್ದೇ ಇಲ್ಲ. ಗಿಲಕಿ ಬಂತು, ಸೊಳ್ಳೆ ಪರದೆ ಬಂತು, ಬೇವಿನ ಕಟ್ಟಿಗೆಯ ತೊಟ್ಟಿಲು ಬಸ್ಸಿನ ಟಾಪಿನ ಮೇಲೆ ಕೂತು ಸವಾರಿ ಬಂತು. ಕೂಸು ಹುಟ್ಟೋ ಮುಂಚೆ ಕುಲಾವಿ ಎಂದು ನಮ್ಮವರು ಆಡಿಕೊಳ್ಳುವುದುಂಟು. ಈ ಮಹಾರಾಯ ಆ ಗಾದೆಗೆ ಗೌರವ ಕೊಟ್ಟು ನಿಜಕ್ಕೂ ಒಂದು ಉಣ್ಣೆಯ ಕುಲಾವಿಯನ್ನೇ ತಂದ. ಚಳ್ಳಕೆರೆಯ ಬಿಸಿಲಿಗೆ ಉಣ್ಣೆಯ ಕುಲಾವಿ! ನಕ್ಕೆ, ಬೈದೆ, ಮುಷ್ಟಿಗೆ ಹಾಕಿ ನೋಡಿದೆ. ತನಗೆ ತಿಳುವಳಿಕೆ ಬರುವ ಮೊದಲೇ ತಾಯಿ ತೀರಿಕೊಂಡ ಗಂಡಸು ಅವನು. ಕೂಸಿಗೆ ಏನು ಬೇಕು ಎಂದು ಹೇಳುವವರಿಲ್ಲದೆ ಅಂಗಡಿಯವನು ತೋರಿಸಿದ್ದನ್ನೆಲ್ಲ ನಂಬುತ್ತಾನೆ.

ಅಂಗಡಿಯಲ್ಲಿ ಸಿಗದ್ದು ಹಳೆಯ ಸೀರೆಯೊಂದೇ.

ನಮ್ಮ ಮನೆಯ ಮಗ್ಗದ ಕುಣಿಯ ಪಕ್ಕದಲ್ಲಿ ಬೆಳೆದವಳು ನಾನು. ಅಪ್ಪ ಕುಣಿಯೊಳಗೆ ಕಾಲು ಇಳಿಬಿಟ್ಟು ರೇಷ್ಮೆ ನೇಯುತ್ತಿದ್ದರೆ, ಅವ್ವ ರಾಟೆಯ ಮುಂದೆ ಕೂತು ನೂಲು ಸುತ್ತುತ್ತಿದ್ದಳು. ಲಾಳಿಯ ಸದ್ದಿಲ್ಲದ ಹಗಲು ನನಗೆ ನೆನಪಿಲ್ಲ. ಮೈತುಂಬ ಬುಟ್ಟಾ, ಎರಡೂ ಅಂಚಿಗೆ ಗೋಪುರದ ಸಾಲು, ಸೆರಗಿನಲ್ಲಿ ನವಿಲು. ಅಂಥ ಸೀರೆಗಳು ನಮ್ಮ ಪಡಸಾಲೆಯಲ್ಲಿ ಹುಟ್ಟಿ, ಕಾಗದ ಸುತ್ತಿಸಿಕೊಂಡು, ಯಾರದೋ ಮದುವೆಗೆ ಹೊರಟುಹೋಗುತ್ತಿದ್ದವು. ನಾವು ಮುಟ್ಟುವಂತಿರಲಿಲ್ಲ. ನಾನೂ ಅಕ್ಕನೂ ಹಾಸಿಕೊಳ್ಳುತ್ತಿದ್ದದ್ದು, ಹೊದೆಯುತ್ತಿದ್ದದ್ದು, ಜ್ವರ ಬಂದಾಗ ಹಣೆಗೆ ಕಟ್ಟಿಸಿಕೊಳ್ಳುತ್ತಿದ್ದದ್ದು ಅವ್ವನ ಹಳೆಯ ಹತ್ತಿ ಸೀರೆಗಳನ್ನು. ರೇಷ್ಮೆಗೆ ಆಸೆಪಟ್ಟು ಅತ್ತರೆ ಅವ್ವ ಮನೆಮಾತಿನ ತೆಲುಗಿನಲ್ಲಿ ಒಂದೇ ಮಾತು ಹೇಳುತ್ತಿದ್ದಳು: “ಕೊತ್ತದಿ ಬಯಟವಾಳ್ಳಕಿ, ಪಾತದಿ ಮನವಾಳ್ಳಕಿ.” ಹೊಸದು ಹೊರಗಿನವರಿಗೆ, ಹಳೆಯದು ನಮ್ಮವರಿಗೆ. ಬಡತನಕ್ಕೆ ತೇಪೆ ಹಾಕುವ ಮಾತು ಅದು ಎಂದು ಓದು ಬಂದ ಮೇಲೆ ಅನ್ನಿಸಿದ್ದುಂಟು. ಆದರೆ ಅವ್ವ ಅದನ್ನು ಹೇಳುವಾಗ ಆಕೆಯ ಮುಖದಲ್ಲಿ ಬಡತನ ಇರುತ್ತಿರಲಿಲ್ಲ, ಒಂದು ಬಗೆಯ ಗತ್ತು ಇರುತ್ತಿತ್ತು.

ಅಕ್ಕನ ಮೊದಲ ಬಾಣಂತನಕ್ಕೆ ಅವ್ವ ಸೀರೆ ಹರಿದದ್ದನ್ನು ನಾನು ಕಂಡಿದ್ದೇನೆ. ಅಂಚನ್ನು ಹಲ್ಲಿನಿಂದ ಕಚ್ಚಿ ಸೀಳು ಮಾಡಿಕೊಂಡು, ಎರಡೂ ಕೈಯಲ್ಲಿ ಹಿಡಿದು ಪರ್ರನೆ ಎಳೆದಳು. ನೇಯುವವರ ಮನೆಯಲ್ಲಿ ಬಟ್ಟೆ ಹರಿಯುವ ಸದ್ದು ಅಪಶಕುನ. ಆವತ್ತು ಮಾತ್ರ ಅಪ್ಪ ಮಗ್ಗ ನಿಲ್ಲಿಸಿ ನಕ್ಕರು. ತುಂಡುಗಳನ್ನು ಕುದಿಯುವ ನೀರಿಗೆ ಹಾಕಿ, ಬಿಸಿಲಿಗೆ ಒಣಗಿಸಿ, ಬೇವಿನೆಲೆಯ ಜೊತೆ ಮಡಿಸಿಟ್ಟಳು. ಒಂದು ತುಂಡನ್ನು ನನ್ನ ಕೆನ್ನೆಗೆ ಒತ್ತಿ ಮೆತ್ತಗಿದೆಯೇ ಎಂದು ಕೇಳಿದಳು. ಅಪ್ಪ ಅಷ್ಟು ವರ್ಷ ಏನೆಲ್ಲ ನೇಯ್ದಿದ್ದರೂ ಅಷ್ಟು ಮೆತ್ತಗಿನದನ್ನು ನೇಯಲು ಅವರಿಗೂ ಬರುತ್ತಿರಲಿಲ್ಲ. ಮಗ್ಗದಿಂದ ಇಳಿದ ಬಟ್ಟೆಗೆ ಬಣ್ಣವಿರುತ್ತದೆ, ಮೆರುಗಿರುತ್ತದೆ. ಅದನ್ನು ಮೆತ್ತಗಾಗಿಸುವುದು ಉಟ್ಟವಳ ಬೆವರು, ಒರೆಸಿದ ಕೈ, ಸೆರಗಿಗೆ ಮೂಗು ಉಜ್ಜಿದ ಮಕ್ಕಳು.

ಮನೆ ಬಿಟ್ಟು ಹೊರಟ ದಿನ ನಾನು ಕದ್ದು ಹೊರಡಲಿಲ್ಲ, ಹೇಳಿಯೇ ಹೊರಟೆ. ಅಪ್ಪ ಮಗ್ಗದಿಂದ ತಲೆ ಎತ್ತಲಿಲ್ಲ. ಅವ್ವ ಬಾಗಿಲವರೆಗೆ ಬಂದಳು. ಬಯ್ಯುತ್ತಾಳೆ ಎಂದುಕೊಂಡೆ, ತಬ್ಬಿಕೊಳ್ಳುತ್ತಾಳೆ ಎಂದೂ ಒಂದು ಕ್ಷಣ ಅಂದುಕೊಂಡೆ. ಎರಡೂ ಆಗಲಿಲ್ಲ. ನನ್ನ ಕೈಯಿಂದ ಚೀಲ ತೆಗೆದುಕೊಂಡು, ಅದರ ತಳದಲ್ಲಿ ನಾನು ಹೊದೆಯಲೆಂದು ಇಟ್ಟುಕೊಂಡಿದ್ದ ಅವಳದೇ ಹಳೆಯ ನೇರಳೆ ಬಣ್ಣದ ಸೀರೆಯನ್ನು ಎಳೆದು ತೆಗೆದು, ಮಡಿಕೆ ಸರಿಮಾಡಿ ತನ್ನ ಹೆಗಲಿಗೆ ಹಾಕಿಕೊಂಡಳು. “ಇದು ಈ ಮನೇದು” ಅಂದಳು. ಚೀಲದ ಜಿಪ್ಪು ಎಳೆದು ಕೈಗೆ ಕೊಟ್ಟಳು.

ನಾನು ಇಲ್ಲಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ಹೋದ ವರ್ಷ ಮಕ್ಕಳನ್ನು ಬ್ರಹ್ಮಗಿರಿಗೆ ಕರೆದುಕೊಂಡು ಹೋಗಿದ್ದೆವು, ಅಶೋಕನ ಶಾಸನ ತೋರಿಸಲು. ತಾಯಿತಂದೆಯರ ಮಾತು ಕೇಳಬೇಕು ಎಂದು ಆ ಬಂಡೆಯ ಮೇಲೆ ಬರೆದಿದೆ ಎಂದು ನಾನೇ ವಿವರಿಸಿದೆ. ಮಕ್ಕಳು ಆಕಳಿಸುತ್ತಾ ಕೇಳಿಸಿಕೊಂಡವು. ಅಷ್ಟು ದೂರದ ಚಕ್ರವರ್ತಿಗೂ ನಮ್ಮ ಸೀಮೆಗೆ ಹೇಳಲು ಹೊಳೆದದ್ದು ಈ ಮಾತೇ ನೋಡಿ. ಮಕ್ಕಳ ಮಾತನ್ನು ತಾಯಿತಂದೆಯರೂ ಒಮ್ಮೊಮ್ಮೆ ಕೇಳಬೇಕು ಎಂದು ಕೆತ್ತಿಸಲು ಬಂಡೆಯಲ್ಲಿ ಜಾಗ ಸಾಲಲಿಲ್ಲವೋ, ಉಳಿ ಮೊಂಡಾಯಿತೋ, ತಿಳಿಯದು. ಆವತ್ತು ಆ ಮಾತನ್ನು ತಮಾಷೆಗೆ ಅಂದುಕೊಂಡು ನಕ್ಕಿದ್ದೆ. ಈಗ ನೆನೆದರೆ ನಗು ಬರುವುದಿಲ್ಲ.

ಏಳನೆಯ ತಿಂಗಳಿನಲ್ಲಿ ಕುಬುಸ ಮಾಡಬೇಕು, ತವರಿನವರು ಹಸಿರು ಸೀರೆ ಹಸಿರು ಬಳೆ ತಂದು ಮಡಿಲು ತುಂಬಬೇಕು. ಆ ತಿಂಗಳು ಬಂತು, ಹೋಯಿತು. ಶಾಲೆಯ ಟೀಚರುಗಳೇ ಸೇರಿ ಸ್ಟಾಫ್ ರೂಮಿನಲ್ಲಿ ಬಳೆ ತೊಡಿಸಿದರು. ಒಬ್ಬರು ನನ್ನ ಕೈ ಹಿಡಿದು, “ಮಗು ಒಂದು ಆಗ್ಲಿ ಮೇಡಂ, ಎಲ್ಲ ಸರಿಹೋಗುತ್ತೆ” ಎಂದರು. ಈ ಮಾತನ್ನು ನನಗೆ ಹೇಳದವರಿಲ್ಲ. ನನಗೆ ಮೈ ಉರಿಯುವುದೂ ಇದಕ್ಕೇ. ಎರಡು ಮನೆಗಳ ದೊಡ್ಡವರು ಇಷ್ಟು ದಿನ ಕೂತು ಬಗೆಹರಿಸದ ಜಗಳವನ್ನು ಇನ್ನೂ ಕಣ್ಣು ಬಿಡದ ಕೂಸು ಬಂದು ಬಗೆಹರಿಸಬೇಕಂತೆ. ಹಾಲು ಕುಡಿಯಲು ಕಲಿಯುವ ಮೊದಲು ಪಂಚಾಯಿತಿ ಮಾಡಲು ಕಲಿಯಬೇಕಂತೆ. ಅದು ಬರುತ್ತಿರುವುದು ನಮ್ಮ ಮನೆಗೆ, ಅವರ ರಾಜಿಗಲ್ಲ ಎಂದು ಹೇಳಬೇಕೆನಿಸಿತು. ಹಸಿರು ಬಳೆ ತೊಟ್ಟ ಕೈಯಲ್ಲಿ ಕೇಸರಿಬಾತು ತಿಂದೆ.

ಇಷ್ಟೆಲ್ಲ ಹೇಳಿಕೊಂಡವಳು, ರಂಗಮ್ಮನವರು ಕೇಳಿದ ಆ ಸಂಜೆ, ಮಾನ ಬಿಟ್ಟು ತಿಪ್ಪೇಶನಿಗೆ ಹೇಳಿದೆ: ಅವ್ವ ಎಂದಾದರೂ ನಿನ್ನ ಬಸ್ಸು ಹತ್ತಿದರೆ ಆ ನೇರಳೆ ಸೀರೆ ಕೇಳು. ಬೇರೇನೂ ಬೇಡ. ಬಾಣಂತನ ಮಾಡು ಅನ್ನುವುದಿಲ್ಲ, ಬಾ ಅನ್ನುವುದೂ ಇಲ್ಲ. ಹರಿಯುವುದಕ್ಕೆ ಬಂದ ಸೀರೆ ಅದು, ಅಷ್ಟನ್ನು ಕೊಟ್ಟರೆ ಸಾಕು.

ಕೆಲವು ದಿನಕ್ಕೆ ಅವ್ವ ಹತ್ತಿದಳು. ಈಗ ಹೆಂಗಸರಿಗೆ ಬಸ್ಸು ಪುಕ್ಕಟೆ, ಆಧಾರ್ ಕಾರ್ಡು ತೋರಿಸಿದರೆ ಸೊನ್ನೆ ರೂಪಾಯಿಯ ಟಿಕೆಟ್ಟು. ತಿಪ್ಪೇಶ ಎಲ್ಲರಿಗೂ ಅನ್ನುವ ಹಾಗೆಯೇ “ಕಾರ್ಡ್ ತೆಗೀರಮ್ಮಾ” ಅಂದನಂತೆ. ಅವ್ವ ಕಿಟಕಿಯ ಆಚೆ ನೋಡುತ್ತಲೇ ಕಾರ್ಡು ಚಾಚಿದಳಂತೆ. ಅತ್ತೆಯ ಹೆಸರು, ಅತ್ತೆಯ ಊರು, ಅತ್ತೆಯ ಮುಖ ಎಲ್ಲವೂ ಅಚ್ಚಾಗಿದ್ದ ಆ ಕಾರ್ಡನ್ನು ಅಳಿಯ ನೋಡಿ, ಬೆಲೆಯಿಲ್ಲದ ಟಿಕೆಟ್ಟು ಹರಿದುಕೊಟ್ಟ. ನಮ್ಮ ಸಂಬಂಧಕ್ಕೆ ಸರ್ಕಾರ ಮುದ್ರಿಸಿದ ರಸೀದಿ ಅದೊಂದೇ.

ತಳಕು ದಾಟಿ ಬಸ್ಸು ಸ್ವಲ್ಪ ಖಾಲಿಯಾದ ಮೇಲೆ ಅವನು ಹತ್ತಿರ ಹೋಗಿ ನಿಂತನಂತೆ. ಆ ರಾತ್ರಿಯ ಊಟಕ್ಕೆ ಕೂತು ನನಗೆ ಒಪ್ಪಿಸಿದ್ದು ಹೀಗೆ: “ಆಕೆಗೆ ಎಂಟು ತಿಂಗಳು ನಡೀತೈತೆ ಅಂದೆ. ಮಾತಾಡ್ಲಿಲ್ಲ. ಹಳೇ ಸೀರೆ, ಆ ನೇರಳೆದು, ಕೂಸಿಗೆ ಬೇಕಂತೆ ಅಂದೆ. ಆವಾಗ್ಲೂ ಮಾತಾಡ್ಲಿಲ್ಲ. ಇಳಿಯೋವಾಗ ಮೆಟ್ಲ ಮ್ಯಾಲೆ ನಿಂತು ನೋಡ್ತೀನಿ ಅಂದ್ರು.”

“ಹೆಂಗಂದ್ಲು? ಸಿಟ್ಟಲ್ಲಾ?”

“ಇಲ್ಲ. ನೋಡ್ತೀನಿ ಅಂದ್ರು, ಅಷ್ಟೇ.”

ನೋಡ್ತೀನಿ. ನಿಮಗೆ ಗೊತ್ತು, ಈ ಮಾತಿಗೆ ನಮ್ಮಲ್ಲಿ ಎಷ್ಟು ಅರ್ಥವಿದೆ. ಆಗಲ್ಲ ಎನ್ನಲಾಗದವರೂ ಅದನ್ನೇ ಅನ್ನುತ್ತಾರೆ, ಆಗಲಿ ಎನ್ನಲು ನಾಚುವವರೂ ಅದನ್ನೇ. ನಾನು ಎರಡನೆಯದನ್ನೇ ಹಿಡಿದುಕೊಂಡೆ. ಪ್ರತಿ ಸಂಜೆ ಅವನ ಬೂಟಿನ ಸದ್ದು ಕೇಳಿದರೆ ಮೊದಲು ಮುಖ ನೋಡುತ್ತಿರಲಿಲ್ಲ, ಚೀಲ ನೋಡುತ್ತಿದ್ದೆ. ಬೀರುವಿನಲ್ಲಿ ಒಂದು ಅರೆ ಖಾಲಿ ಮಾಡಿದೆ. ಬೇವಿನೆಲೆ ಒಣಗಿಸಿಟ್ಟೆ. ಆ ದಿನಗಳಲ್ಲಿ ಕೂಸು ಒದ್ದಾಗೆಲ್ಲ, ಬರ್ತೈತೆ ತಡಿ, ನಿಮ್ಮಜ್ಜಿ ಸೀರೆ ಬರ್ತೈತೆ ಎಂದು ಹೊಟ್ಟೆ ಸವರುತ್ತಿದ್ದೆ. ಇಷ್ಟು ಆಸೆಯನ್ನು ನಾನು ಮದುವೆಗೂ ಪಟ್ಟಿರಲಿಲ್ಲ.

ಬಂತು. ಮೊಳಕಾಲ್ಮುರಿನ ಬಸ್ ಸ್ಟ್ಯಾಂಡಿಗೆ ಅವ್ವ ತಾನೇ ಬಂದು, ಬಸ್ಸು ಹತ್ತದೆ, ಕಿಟಕಿಯಿಂದ ಪೊಟ್ಟಣ ಕೊಟ್ಟು ತಿರುಗಿ ನೋಡದೆ ಹೋದಳಂತೆ. ತಿಪ್ಪೇಶ ಗೆದ್ದು ಬಂದವನ ಹಾಗೆ ಅದನ್ನು ನನ್ನ ಮಡಿಲಿಗೆ ಹಾಕಿದ. ದಾರವನ್ನು ಬಿಚ್ಚುವ ತಾಳ್ಮೆಯಿಲ್ಲದೆ ಹಲ್ಲಿನಿಂದ ಕಡಿದೆ. ಕಾಗದ ಸರಿಸಿದೆ.

ರೇಷ್ಮೆ. ಹೊಚ್ಚ ಹೊಸ ರೇಷ್ಮೆ. ಮೈತುಂಬ ಬುಟ್ಟಾ, ಅಂಚಿಗೆ ಗೋಪುರ, ಸೆರಗಿನಲ್ಲಿ ನವಿಲು, ಇನ್ನೂ ಮಗ್ಗದ ಗಂಜಿ ವಾಸನೆ. ಅಪ್ಪನ ಕೈ ಎಂದು ನೋಡಿದ ಕೂಡಲೇ ಗೊತ್ತಾಯಿತು. ನವಿಲಿನ ಕೊಕ್ಕನ್ನು ಹಾಗೆ ಸ್ವಲ್ಪ ಕೆಳಕ್ಕೆ ಬಾಗಿಸಿ ನೇಯುವವರು ಅವರೊಬ್ಬರೇ.

“ಅಬ್ಬಬ್ಬಾ! ಎಷ್ಟು ಚೆಂದ ಐತೆ ನೋಡೇ!” ತಿಪ್ಪೇಶ ಬಟ್ಟೆಗೆ ಬೆರಳು ತಾಗಿಸಲೂ ಹೆದರಿದ. “ಹಳೇದು ಕೇಳಿದ್ರೆ ರೇಷ್ಮೆ ಕಳಿಸವ್ರೆ! ನಾನು ಹೇಳ್ಲಿಲ್ವಾ, ಮನಸು ಕರಗ್ತೈತೆ ಅಂತ?”

ನಾನು ಒಂದೊಂದೇ ಮಡಿಕೆ ಬಿಚ್ಚಿದೆ. ನಡುವೆ ಎಲ್ಲಾದರೂ, ಒಂದು ಅಂಗೈಯಷ್ಟಾದರೂ, ನೇರಳೆ ತುಂಡು ಇಟ್ಟಿರಬಹುದು. ಸೆರಗಿನವರೆಗೆ ಬಿಚ್ಚಿದೆ, ಕೊಡವಿದೆ. ಕಾಗದವನ್ನೂ ತಿರುವಿ ನೋಡಿದೆ. ಇರಲಿಲ್ಲ.

“ಯಾಕೆ ಅಳ್ತೀಯಾ? ಕೊಟ್ಟವ್ರಲ್ಲ?”

ಅವನಿಗೆ ಹೇಗೆ ಹೇಳಲಿ? ಲೋಕದ ಕಣ್ಣಿಗೆ ಅವ್ವ ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟಿದ್ದಾಳೆ. ಮಾರನೆಯ ದಿನ ರಂಗಮ್ಮನವರೂ ಸೀರೆ ನೋಡಿ, “ತಾಯಿ ಕರುಳು ಅಂದ್ರೆ ಇದು ಕಣವ್ವ, ನೀನೇ ಪುಣ್ಯವಂತೆ” ಎಂದು ಕಣ್ಣೊರೆಸಿಕೊಂಡರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಅವ್ವ ಅದನ್ನು ರೇಷ್ಮೆಯಲ್ಲಿ ಮಾಡಿ ತೋರಿಸಿದ್ದಳು. ತಾಯಿ ಏನೂ ಕೊಡಲಿಲ್ಲ ಎಂದು ನಾಳೆ ಯಾರೂ ಅನ್ನುವಂತಿಲ್ಲ. ಆದರೆ ಆ ಮನೆಯಲ್ಲಿ ಬೆಳೆದವಳಿಗೆ ಆ ಪೊಟ್ಟಣ ಓದಲು ಬರುತ್ತದೆ. ಹೊಸದು ಯಾರಿಗೆ, ಹಳೆಯದು ಯಾರಿಗೆ ಎಂದು ನನಗೆ ತೊಟ್ಟಿಲಲ್ಲಿ ಕಲಿಸಿದವಳೇ ಅವಳು. ಬೈದಿದ್ದರೆ ಜಗಳವಾಡುತ್ತಿದ್ದೆ, ಕೊಡುವುದಿಲ್ಲ ಅಂದಿದ್ದರೆ ಶಪಿಸುತ್ತಿದ್ದೆ. ಆಕೆ ನನ್ನನ್ನು ಗಿರಾಕಿಯ ಮನೆಯ ಹೆಣ್ಣಿನ ಹಾಗೆ ಗೌರವಿಸಿ ಕಳಿಸಿಬಿಟ್ಟಳು.

ಎಲ್ಲ ಕೇಳಿದ ಮೇಲೆ ತಿಪ್ಪೇಶ ಆ ಕಾಗದ, ದಾರವನ್ನು ಎತ್ತಿಕೊಂಡ. ಆಮೇಲೆ, “ತಿರುಗಿ ಕೊಟ್ಟು ಬರ್ಲಾ?” ಎಂದ. ಬೇಡ ಅಂದೆ. ಬೇವಿನೆಲೆ ಹಾಸಿ ಖಾಲಿ ಮಾಡಿದ್ದ ಅರೆಯಲ್ಲೇ ಅದನ್ನು ಇಟ್ಟೆ.

ಒಮ್ಮೊಮ್ಮೆ ಅವ್ವನ ಕಡೆಯಿಂದಲೂ ಯೋಚಿಸುತ್ತೇನೆ, ನಾನೇನು ಕಲ್ಲಲ್ಲ. ಕೇರಿಯ ಹೆಂಗಸರ ನಡುವೆ ದಿನಾ ಬಾಳುವವಳು ಅವಳು, ಬಸ್ ಸ್ಟ್ಯಾಂಡಿನವರೆಗೆ ಬರಲು ಎಷ್ಟು ಜನರ ಕಣ್ಣು ತಪ್ಪಿಸಿದಳೋ. ಆ ನೇರಳೆ ಸೀರೆಯನ್ನು ಹರಿಯಲು ಮನಸ್ಸಾಗದೆ ತಾನೇ ಹೊದ್ದು ಮಲಗುತ್ತಾಳೋ ಏನೋ. ಹೀಗೆಲ್ಲ ಅಂದುಕೊಂಡು ಸಮಾಧಾನಕ್ಕೆ ಹತ್ತಿರ ಬಂದಾಗ, ಚೀಲದಿಂದ ಸೀರೆ ಎಳೆದ ಆ ಕೈ ಕಣ್ಣಿಗೆ ಬರುತ್ತದೆ. ಅಲ್ಲಿಂದ ಮುಂದಕ್ಕೆ ನನ್ನ ಒಳ್ಳೆಯತನ ಹೋಗುವುದಿಲ್ಲ.

ಈಗ ನಾನು ಬೇರೆ ಕೆಲಸ ಹಿಡಿದಿದ್ದೇನೆ. ನನ್ನದೇ ಒಂದು ಕಂದು ಬಣ್ಣದ ಹತ್ತಿ ಸೀರೆಯಿದೆ, ಈ ಊರಿಗೆ ಬಂದ ಮೇಲೆ ಸಂತೆಯಲ್ಲಿ ಕೊಂಡದ್ದು. ಹಗಲೂ ಅದೇ, ರಾತ್ರಿಯೂ ಅದೇ. ಬೇಕೆಂದೇ ಅದಕ್ಕೆ ಕೈ ಒರೆಸುತ್ತೇನೆ, ಮುಖ ಒರೆಸುತ್ತೇನೆ. ಬಗ್ಗಿ ಒಗೆಯಲು ನನಗೆ ಆಗದ್ದರಿಂದ ತಿಪ್ಪೇಶ ಡ್ಯೂಟಿಯಿಂದ ಬಂದವನೇ ಅದನ್ನು ಕಲ್ಲಿಗೆ ಹಾಕಿ ಬಡಿಯುತ್ತಾನೆ. ಚಳ್ಳಕೆರೆಯ ಬಿಸಿಗಾಳಿ ಗಳಿಗೆಯಲ್ಲಿ ಒಣಗಿಸಿ ಕೊಡುತ್ತದೆ. ಒಂದು ದಿನ ಅವನು ಸೊಂಟ ಹಿಡಿದುಕೊಂಡು ಕೇಳಿದ, “ಇನ್ನೂ ಎಷ್ಟು ಒಗೀಬೇಕೇ ಇದನ್ನ?”

“ಹಳೇದಾಗೋ ತಂಕ.”

ನಗಲಿಲ್ಲ ಅವನು. ಮತ್ತೆ ಒಂದು ಸಲ ನೀರಿಗೆ ಅದ್ದಿದ.

ಇಡೀ ಒಂದು ಬದುಕಿನಲ್ಲಿ ಆಗಬೇಕಾದ ಮೆದುವನ್ನು ನಾವಿಬ್ಬರು ಒಂದು ತಿಂಗಳಿನಲ್ಲಿ ಮಾಡಲು ಹೊರಟಿದ್ದೇವೆ, ಆಗದ ಕೆಲಸವೆಂದು ಮಗ್ಗದ ಮನೆಯವಳಾದ ನನಗೆ ಗೊತ್ತು. ದಿನ ತುಂಬುತ್ತಿದೆ, ಬಟ್ಟೆ ಇನ್ನೂ ಕೆನ್ನೆಗೆ ಒರಟು. ಆದರೂ ಕೂಸಿನ ಮೈಗೆ ಮೊದಲು ತಾಗುವುದು ಇದೇ. ಇದರಲ್ಲಿ ಅಜ್ಜಿಯಿಲ್ಲ, ತಾತನ ನವಿಲಿಲ್ಲ. ಅವಸರವಾಗಿ ಹಳೆಯವರಾಗಲು ಹೊರಟ ಇಬ್ಬರು ಇದ್ದಾರೆ.

ನಿಮ್ಮ ಮನೆಯ ಆ ಹಳೆಯ ಸೀರೆಯನ್ನು ಇವತ್ತು ಹುಡುಕಿ ನೋಡಿ, ಅದನ್ನು ನಿಮಗೆ ಕೊಟ್ಟವರು ಯಾರು ಎಂದು ನೆನೆಯಿರಿ. ನಮ್ಮ ಮನೆಯಲ್ಲಿ ಹೊಸದು ಮಾತ್ರ ಬೀರುವಿನಲ್ಲಿ ಕಾಯುತ್ತಿದೆ. ಮಗು ಒಂದು ಆದರೆ ಎಲ್ಲ ಸರಿಹೋಗುತ್ತದೆ ಎಂದರಲ್ಲ, ಅವರ ಬಾಯಿಹರಕೆಯಿಂದ ನಾಳೆ ಅವ್ವ ಬಂದೇ ಬಂದಳೆನ್ನಿ. ಚಾಪೆ ಹಾಸುತ್ತೇನೆ, ನೀರು ಕೊಡುತ್ತೇನೆ, ಕುಂಕುಮವಿಟ್ಟು ಆ ರೇಷ್ಮೆಯನ್ನೇ ಅವಳ ಮಡಿಲಿಗಿಟ್ಟು ಕೈಮುಗಿಯುತ್ತೇನೆ. ಅವಳಿಗೆ ಅರ್ಥವಾಗುತ್ತದೆ, ವಿವರಿಸಬೇಕಾಗಿಲ್ಲ. ಆಮೇಲೆ ನನ್ನ ಕಂದು ಸೀರೆಯ ತುಂಡಿನಲ್ಲಿ ಮಲಗಿರುವ ಕೂಸಿಗಾಗಿ ಅವಳು ಎರಡೂ ಕೈ ಚಾಚುತ್ತಾಳಲ್ಲ, ಆಗ ಕೊಡಬೇಕೋ ಬೇಡವೋ ಎನ್ನುವುದನ್ನು ಮಾತ್ರ ನಾನಿನ್ನೂ ನಿರ್ಧರಿಸಿಲ್ಲ.